ಚಿಪ್ಪು ಮತ್ತು ಬಟ್ಟಲು: ಗುಬ್ಬಿಗೆ ಬಂದ ಪಾದ್ರಿ, ಹಟ್ಟಿಗೆ ತಡವಾಗಿ ಬಂದ ಶಾಲೆ

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಅಂದರೆ ತೆಂಗಿನ ಸೀಮೆ. ಇಲ್ಲಿ ಕಾಯಿ ಮರದಿಂದ ಇಳಿದು ಅಟ್ಟ ಸೇರುತ್ತದೆ. ತಿಂಗಳುಗಟ್ಟಲೆ ಅಲ್ಲೇ ಕೂತು ಒಣಗಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರ್ಕೆಟ್ಟಿಗೆ ಹೋಗುತ್ತದೆ. ದುಡ್ಡು ತೋಟದವರ ಮನೆಗೆ ಬರುತ್ತದೆ. ಕಾಯಿ ಕೆಡವಿದವರು, ಸುಲಿದವರು, ಹೊತ್ತವರು ಹಟ್ಟಿಯವರು. ಅವರ ಪಾಲಿಗೆ ಕೂಲಿಯ ಜೊತೆ ಇನ್ನೊಂದು ಬರುತ್ತಿತ್ತು: ಚಿಪ್ಪು. ಬಾಯಾರಿ ನೀರು ಕೇಳಿದರೆ ಅರ್ಧ ಚಿಪ್ಪಿನಲ್ಲಿ ಮೇಲಿನಿಂದ ಹುಯ್ಯುತ್ತಿದ್ದರು. ಕುಡಿದಾದ ಮೇಲೆ ನಾವೇ ಅದನ್ನು ತೊಳೆದು ಬೇಲಿಯ ಸಂದಿಗೆ ಸಿಕ್ಕಿಸಿ ಬರಬೇಕು. ನಾಳೆ ಮತ್ತೆ ಅದೇ ಚಿಪ್ಪು.

ನಾನು ಮಿಡ್ಲಿಸ್ಕೂಲಿನಲ್ಲಿದ್ದಾಗ ಸೋದರಮಾವ ಒಂದು ಭಾನುವಾರ ನನ್ನನ್ನು ತುಮಕೂರಿನ ಚರ್ಚಿಗೆ ಕರಕೊಂಡು ಹೋದ. ಅವನೂ ಕ್ರಿಸ್ತನವನಲ್ಲ, ನಾನೂ ಅಲ್ಲ. ಅವನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಕರೆದಿದ್ದರು, ಹೋದೆವು. ಬಾಗಿಲಲ್ಲಿ ಯಾರೂ ಯಾವ ಕೇರಿ ಅಂತ ಕೇಳಲಿಲ್ಲ. ಬೆಂಚಿನ ಮೇಲೆ ಕೂತೆವು. ಎಲ್ಲರೂ ಎದ್ದು ನಿಂತು ಕನ್ನಡದಲ್ಲಿ ಹಾಡಿದರು. ನಮ್ಮ ಭಜನೆಯ ರಾಗವೇ ಅಂತ ಒಂದು ಗಳಿಗೆ ಅನ್ನಿಸುತ್ತಿತ್ತು, ಮರುಗಳಿಗೆ ಬ್ಯಾಂಡಿನ ರಾಗವಾಗುತ್ತಿತ್ತು. ಕೊನೆಗೆ ಜನ ಸಾಲಾಗಿ ಮುಂದೆ ಹೋಗಿ ಮಂಡಿಯೂರಿದರು. ಪಾದ್ರಿ ಒಂದೇ ಬಟ್ಟಲನ್ನು ಒಬ್ಬೊಬ್ಬರ ತುಟಿಗೂ ಹಿಡಿದರು. ಒಬ್ಬರದಾದ ಮೇಲೆ ಬಿಳಿ ಬಟ್ಟೆಯಲ್ಲಿ ಅಂಚು ಒರೆಸಿ ಮುಂದಿನವರಿಗೆ. ನಾವು ಕೂತಲ್ಲೇ ಕೂತು ನೋಡಿದೆವು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ದೇವರ ಬಗ್ಗೆ ಅವಳು ಏನೂ ಕೇಳಲಿಲ್ಲ.

"ಒಂದೇ ಬಟ್ಲಾಗೆ ಎಲ್ರೂ ಕುಡುದ್ರಾ?"

"ಊಂ ಕಣವ್ವ."

"ಕುಡುದ್ ಮ್ಯಾಲೆ ಯಾರ್ಲಾ ತೊಳುದ್ರು?"

"ಪಾದ್ರೀನೇ ತೊಳುದ್ರು."

ಅವ್ವ ಸುಮ್ಮನಾದಳು. ಚರ್ಚು, ಮಿಷನ್ನು, ಮತಾಂತರ ಅಂತ ನಾನು ಆಮೇಲೆ ಓದಿದ್ದೆಲ್ಲ ಅವಳ ಆ ಎರಡನೇ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ಓದಿದ ಹಾಗಿದೆ. ಆ ಬಟ್ಟಲು ನಮ್ಮ ಸೀಮೆಗೆ ಹೇಗೆ ಬಂತು? ಯಾರಿಗಾಗಿ ಬಂತು? ಬಂದದ್ದು ಹಟ್ಟಿಯ ತನಕ ಯಾಕೆ ಬರಲಿಲ್ಲ?

1

ಚಿಕ್ಕನಾಯಕನಹಳ್ಳಿಯಿಂದ ಕೆ.ಬಿ. ಕ್ರಾಸಿಗೆ ಬಂದು ನಿಟ್ಟೂರು ದಾಟಿದರೆ ಗುಬ್ಬಿ. ಇವತ್ತು ನಾಟಕದ ವೀರಣ್ಣನವರಿಂದ ಹೆಸರಾದ ಊರು. ಆದರೆ ಅದಕ್ಕಿಂತ ಬಹಳ ಮುಂಚೆ, 1837ರಲ್ಲಿ, ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಬೆಂಗಳೂರು ಬಿಟ್ಟು ಇಲ್ಲಿಗೆ ಬಂದು ನೆಲೆಸಿದ. ಆಗ ಮೈಸೂರು ಅರಸರ ಕೈಯಲ್ಲಿರಲಿಲ್ಲ. 1831ರಲ್ಲಿ ಕಂಪನಿ ಆಡಳಿತ ಕಿತ್ತುಕೊಂಡಿತ್ತು. ಕಮಿಷನರ್ ಮಾರ್ಕ್ ಕಬ್ಬನ್ ಆಳುತ್ತಿದ್ದ. ಪಾದ್ರಿಯ ಕೈಯಲ್ಲಿ ಬೈಬಲ್ ಇತ್ತು, ಬೆನ್ನ ಹಿಂದೆ ಬಿಳಿಯರ ರಾಜ್ಯ ಇತ್ತು. ಈ ಎರಡನ್ನೂ ಒಟ್ಟಿಗೇ ನೋಡಬೇಕು. ಒಂದನ್ನು ಮಾತ್ರ ನೋಡುವವರು ಸುಳ್ಳು ಇತಿಹಾಸ ಬರೆಯುತ್ತಾರೆ.

1839ರಲ್ಲಿ ವಿಲಿಯಂ ಆರ್ಥರ್ ಅನ್ನುವ ಐರ್ಲೆಂಡಿನ ಹುಡುಗ ಹಾಡ್ಸನ್ನನ ಜೊತೆಗೆ ಬಂದು ಸೇರಿದ. ಅವನಿಗೆ ಆಗ ಇಪ್ಪತ್ತು ವರ್ಷ. ಕನ್ನಡ ಕಲಿತ. ಆರೋಗ್ಯ ಕೆಟ್ಟಿತು. 1841ರಲ್ಲಿ ವಾಪಸು ಹೋದ. 1847ರಲ್ಲಿ ಲಂಡನ್ನಿನಲ್ಲಿ ಮೈಸೂರಿನ ಮಿಷನ್ ಬಗ್ಗೆ ದಪ್ಪ ಪುಸ್ತಕ ಪ್ರಕಟಿಸಿದ. ಎರಡು ವರ್ಷದ ವಾಸ, ಒಂದು ಪುಸ್ತಕ. ಬಡ ದೇಶಕ್ಕೆ ಹೋಗಿ ಬಡ ಮಕ್ಕಳ ನಡುವೆ ದಿನ ಕಳೆದು, ಊರಿಗೆ ಮರಳಿ ತನ್ನ ಮನಸ್ಸು ಹೇಗೆ ಬದಲಾಯಿತು ಅಂತ ಹೇಳುವ ಇವತ್ತಿನ ಸೇವಾಯಾತ್ರೆಯವರ ಅಜ್ಜ ಇವನೇ. ಅವರು ಈಗ ಹೆಚ್ಚಾಗಿ ಆಫ್ರಿಕಕ್ಕೆ ಹೋಗುತ್ತಾರೆ. ಆಗ ಗುಬ್ಬಿಗೂ ಬಂದಿದ್ದರು.

ಇಂಥ ಪುಸ್ತಕಗಳನ್ನು ಓದುವಾಗ ಒಂದು ಮಾತು ನೆನಪಿಡಬೇಕು. ಗುಬ್ಬಿಯ ಸಂತೆ, ದೇವಸ್ಥಾನ, ತರ್ಕಕ್ಕೆ ನಿಂತ ಶಾಸ್ತ್ರಿ, ಬೆರಗಾಗಿ ನೋಡುವ ರೈತ, ಇವರೆಲ್ಲ ಪುಸ್ತಕದ ಒಳಗಿದ್ದಾರೆ. ಅದನ್ನು ಓದುವವರು ಮಾತ್ರ ಬೇರೆ ದೇಶದಲ್ಲಿದ್ದಾರೆ. ಬರೆದದ್ದು ಅವರಿಗಾಗಿ, ಅವರ ಕಾಣಿಕೆಗಾಗಿ. ಹಾಡ್ಸನ್ 1877ರಲ್ಲಿ ಗುಬ್ಬಿ ಸೀಮೆಯ ಮತಾಂತರಿ ಮುದುಕನೊಬ್ಬನ ಜೀವನ ಬರೆದ. ಪುಸ್ತಕದ ಹೆಸರು 'ಓಲ್ಡ್ ಡೇನಿಯಲ್'. ನಮ್ಮ ನೆಲದ ಒಬ್ಬ ಮುದುಕನ ಹೆಸರು ಲಂಡನ್ನಿನಲ್ಲಿ ಅಚ್ಚಾಯಿತು, ಅದೂ ಪಾದ್ರಿ ಇಟ್ಟ ಹೆಸರು. ಆದರೂ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯ. ಆ ಕಾಲದಲ್ಲಿ ಗುಬ್ಬಿ ಸೀಮೆಯ ಸಾಧಾರಣ ಮುದುಕನ ಜೀವನ ಬರೆಯುವಷ್ಟು ದೊಡ್ಡದು ಅಂತ ನಮ್ಮ ಯಾವ ಪಂಡಿತನಿಗೂ ಅನ್ನಿಸಿರಲಿಲ್ಲ.

2

ಇದೇ ವೆಸ್ಲಿಯನ್ ಸಂಘ ಆಗಲೇ ಆಫ್ರಿಕದ ಪಶ್ಚಿಮ ತೀರದಲ್ಲೂ ಕೆಲಸ ಮಾಡುತ್ತಿತ್ತು. ಹಾಡ್ಸನ್ ಗುಬ್ಬಿಗೆ ಬಂದ ಮರುವರ್ಷ, 1838ರಲ್ಲಿ, ಥಾಮಸ್ ಬರ್ಚ್ ಫ್ರೀಮನ್ ಇಂದಿನ ಘಾನಾದ ಕೇಪ್ ಕೋಸ್ಟಿನಲ್ಲಿ ಇಳಿದ. ಅವನ ತಂದೆ ಆಫ್ರಿಕದವನು, ತಾಯಿ ಇಂಗ್ಲಿಷಿನವಳು. ಅದಕ್ಕೆ ಐದು ವರ್ಷದ ಹಿಂದೆ, 1833ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡುವ ಕಾಯಿದೆ ತಂದಿತ್ತು. ಆ ಕಾಯಿದೆಯ ಪ್ರಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟರು. ಯಾರಿಗೆ? ಗುಲಾಮರಿಗಲ್ಲ. ಗುಲಾಮರನ್ನು ಕಳಕೊಂಡ ಧಣಿಗಳಿಗೆ!

ನಗಬೇಡಿ. ನಮ್ಮಲ್ಲಿ ಜೀತ ಪದ್ಧತಿ ರದ್ದಾದದ್ದು 1976ರ ಕಾಯಿದೆಯಿಂದ. ಗುಬ್ಬಿಗೆ ಪಾದ್ರಿ ಬಂದು ನೂರ ಮೂವತ್ತೊಂಬತ್ತು ವರ್ಷಗಳ ಮೇಲೆ. ಅಷ್ಟೂ ಕಾಲ ಹಟ್ಟಿಯ ಹುಡುಗ ತಾತ ಮಾಡಿದ ಸಾಲಕ್ಕೆ ದನ ಕಾಯುತ್ತಿದ್ದ.

ಆಫ್ರಿಕದ ಕಥೆಯಲ್ಲಿ ನಾವು ಗಮನಿಸಬೇಕಾದ್ದು ಇನ್ನೊಂದಿದೆ. ಗುಲಾಮರ ಹಡಗಿನಿಂದ 1822ರಲ್ಲಿ ಬಿಡುಗಡೆಯಾದ ಒಬ್ಬ ಯೊರುಬಾ ಹುಡುಗ ಸಿಯೆರಾ ಲಿಯೋನಿನ ಮಿಷನ್ ಶಾಲೆಯಲ್ಲಿ ಓದಿದ. ಸ್ಯಾಮ್ಯುಯೆಲ್ ಕ್ರೌಥರ್ ಅಂತ ಹೆಸರಾದ. 1864ರಲ್ಲಿ ಬಿಷಪ್ ಆದ. ಮಕ್ಕಳ ಕೈಗೆ ಅಕ್ಷರ ಕೊಟ್ಟರೆ ಒಂದು ತಲೆಮಾರಿನೊಳಗೆ ಏನಾಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ. ಮೈಸೂರು ಸೀಮೆಯ ಹಟ್ಟಿಯಿಂದ ಅಂಥವರು ಅಷ್ಟು ಬೇಗ ಯಾಕೆ ಬರಲಿಲ್ಲ? ಹಟ್ಟಿಯ ಹುಡುಗನ ತಲೆಯಲ್ಲಿ ಕೊರತೆ ಇತ್ತೇ? ಕೊರತೆ ಇದ್ದದ್ದು ಶಾಲೆಯ ಬಾಗಿಲಲ್ಲಿ.

3

ಪಾದ್ರಿಗಳು ಶಾಲೆ ತೆರೆಯಲಿಲ್ಲ ಅಂತಲ್ಲ. ತೆರೆದರು. ನಮ್ಮ ಭಾಷೆಗೆ ದುಡಿದರು. ಬಳ್ಳಾರಿಯ ಲಂಡನ್ ಮಿಷನ್ನಿನಿಂದ ಕನ್ನಡ ಬೈಬಲ್ ಬಂತು. ವಿಲಿಯಂ ರೀವ್ ನಿಘಂಟು ಮಾಡಿದ. ಅದನ್ನು ವೆಸ್ಲಿಯನ್ನರ ಡೇನಿಯಲ್ ಸ್ಯಾಂಡರ್ಸನ್ 1858ರಲ್ಲಿ ತಿದ್ದಿ ಹೊರತಂದ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ. ಕಿಟ್ಟೆಲ್ ನಿಘಂಟು 1894ರಲ್ಲಿ ಬಂತು. ಕನ್ನಡದ ಪಂಡಿತರು ಇವತ್ತಿಗೂ ಇವರಿಗೆ ಕೈ ಮುಗಿಯುತ್ತಾರೆ, ಮುಗಿಯಲಿ. ಆದರೆ ನಿಘಂಟಿಗೆ ಕೈ ಮುಗಿಯುವ ಪಂಡಿತ ಅದೇ ಮಿಷನ್ನಿನ ಒಂದೇ ಬಟ್ಟಲಿನ ಬಗ್ಗೆ ಯಾಕೆ ಮಾತಾಡುವುದಿಲ್ಲ?

ಮೈಸೂರಿನಲ್ಲಿ ಪಾದ್ರಿಗಳ ಲೆಕ್ಕಾಚಾರ ಮೇಲಿನಿಂದ ಕೆಳಕ್ಕೆ ಇತ್ತು. ಮೊದಲು ಬ್ರಾಹ್ಮಣರ, ಮೇಲ್ಜಾತಿಯವರ ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕು, ಅವರ ಮನಸ್ಸು ತಿರುಗಿದರೆ ಊರೆಲ್ಲ ತಿರುಗುತ್ತದೆ ಅನ್ನುವ ನಂಬಿಕೆ. 1835ರಲ್ಲಿ ಮೆಕಾಲೆ ಹೇಳಿದ ಸೋಸುವ ಶಿಕ್ಷಣದ ಇನ್ನೊಂದು ಮುಖ ಇದು. ಪೇಟೆಯ ಮಿಷನ್ ಸ್ಕೂಲುಗಳು ತುಂಬಿದವು. ಮೇಲ್ಜಾತಿಯ ಹುಡುಗರು ಇಂಗ್ಲಿಷ್ ಕಲಿತು, ಬೈಬಲ್ ಪಾಠಕ್ಕೆ ತಲೆಯಾಡಿಸಿ, ಅಮಲ್ದಾರರೂ ವಕೀಲರೂ ಆದರು. ಧರ್ಮ ಬಿಡಲಿಲ್ಲ. ಜಾತಿಯನ್ನಂತೂ ಬಿಡಲೇ ಇಲ್ಲ. ಸೋಸುವ ಬಟ್ಟೆಯಿಂದ ಒಂದು ಹನಿಯೂ ಕೆಳಕ್ಕೆ ಇಳಿಯಲಿಲ್ಲ.

ಹಟ್ಟಿಯ ಮಗುವನ್ನು ಒಳಗೆ ಕೂರಿಸಿದರೆ ಏನಾಗುತ್ತಿತ್ತು? ಉಳಿದವರು ಎದ್ದು ಹೋಗುತ್ತಿದ್ದರು. ಇದು ಮಿಷನ್ನಿನ ಕಷ್ಟವಷ್ಟೇ ಅಲ್ಲ, ಸರ್ಕಾರದ ಕಷ್ಟವೂ ಹೌದು. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ ಹುಡುಗ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಹುಡುಗ ಬಿಡಲಿಲ್ಲ. ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಒಬ್ಬನಿಗಾಗಿ ಉಳಿದವರ ಮನಸ್ಸು ನೋಯಿಸುವುದು ಸರಿಯಲ್ಲ ಅಂತ ಸರ್ಕಾರ ಹಿಂಜರಿಯಿತು. ಪ್ರಶ್ನೆ ಕಲ್ಕತ್ತೆಗೆ, ಅಲ್ಲಿಂದ ಲಂಡನ್ನಿಗೆ ಹೋಯಿತು. 1858ರ ಏಪ್ರಿಲ್‌ನಲ್ಲಿ ಕಂಪನಿಯ ಡೈರೆಕ್ಟರುಗಳು ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಬರೆದರು. ಕಾಗದ ಬಂತು. ಬಾಗಿಲು ತೆರೆಯಲಿಲ್ಲ. ಕನ್ನಡ ನೆಲದಲ್ಲಿ ಅಕ್ಷರಕ್ಕಾಗಿ ಅರ್ಜಿ ಹಿಡಿದು ನಿಂತ ಆ ಹುಡುಗನನ್ನು ಬಂಡಾಯದ ಚರಿತ್ರೆಯ ಮೊದಲ ಪುಟಗಳಲ್ಲೇ ನಿಲ್ಲಿಸಬೇಕು.

ಪಾದ್ರಿಗಳೊಳಗೂ ಜಾತಿಯ ಜಗಳವಿತ್ತು. ತಮಿಳು ಸೀಮೆಯ ಕೆಲವು ಚರ್ಚುಗಳಲ್ಲಿ ವೆಳ್ಳಾಳರಿಗೆ ಒಂದು ಕಡೆ, ಪರಯರಿಗೆ ಇನ್ನೊಂದು ಕಡೆ ಜಾಗ. ಮೊದಲು ಅವರು ಕುಡಿಯಬೇಕು, ಆಮೇಲೆ ಇವರು. 1850ರಲ್ಲಿ ಮದರಾಸಿನಲ್ಲಿ ಸೇರಿದ ಮಿಷನರಿಗಳು ಒಂದು ನಿರ್ಣಯ ಮಾಡಿದರು. ಕೆಳಜಾತಿಯವರು ಮಾಡಿದ ಅಡಿಗೆ ಉಣ್ಣದೆ ಯಾರೂ ಜಾತಿ ಬಿಟ್ಟೆ ಅಂತ ಹೇಳುವ ಹಾಗಿಲ್ಲ ಅನ್ನುವುದು ಅದರ ತಿರುಳು. ಲೈಪ್‌ಜಿಗ್‌ನ ಲುಥರನ್ನರು ಮಾತ್ರ ಒಪ್ಪಲಿಲ್ಲ. ನಾನು ಚಿಕ್ಕಂದಿನಲ್ಲಿ ನೋಡಿದ ಒಂದೇ ಬಟ್ಟಲು ಆಕಾಶದಿಂದ ಇಳಿದದ್ದಲ್ಲ. ಅದಕ್ಕೆ ಈ ಜಗಳದ ಚರಿತ್ರೆ ಇದೆ. ಅದನ್ನು ಪಾದ್ರಿಗಳು ಒಬ್ಬರೇ ಗೆದ್ದು ತರಲಿಲ್ಲ. ಹಿಂದಿನ ಸಾಲಿನಲ್ಲಿ ಕೂರಲು ಒಪ್ಪದ ಪರಯರು, ಮಾಲರು, ಮಾದಿಗರು ಗೆದ್ದು ತಂದರು.

ನಿಜಾಮನ ಸೀಮೆಯ ಮೆದಕ್ ಕಡೆ ಇದೇ ವೆಸ್ಲಿಯನ್ ಮಿಷನ್ ಬೇರೆ ದಾರಿ ಕಂಡಿತು. ಅಲ್ಲಿ ಮಾಲರು, ಮಾದಿಗರು ಒಬ್ಬೊಬ್ಬರಾಗಿ ಅಲ್ಲ, ಕೇರಿ ಕೇರಿಯೇ ಬಂದರು. ಚಾರ್ಲ್ಸ್ ಪಾಸ್ನೆಟ್ ಬರಗಾಲದ ಕೂಲಿ ಕೊಟ್ಟು ಕಟ್ಟಿಸಿದ ಮೆದಕ್ ಕೆಥೀಡ್ರಲ್ 1924ರ ಕ್ರಿಸ್‌ಮಸ್ ದಿನ ಬಾಗಿಲು ತೆರೆಯಿತು. ಕಲ್ಲು ಹೊತ್ತವರೇ ಒಳಗೆ ಕೂತರು. ನಮ್ಮ ತೆಂಗಿನ ಸೀಮೆಯಲ್ಲಿ ಅಂಥ ಚಳವಳಿ ಆಗಲಿಲ್ಲ. ಪೇಟೆಯ ಶಾಸ್ತ್ರಿಯನ್ನು ಗೆಲ್ಲಲು ಹೋದ ಪಾದ್ರಿ ಊರಾಚೆಯ ಹಟ್ಟಿಗೆ ತಡವಾಗಿ ಬಂದ.

4

ಹಟ್ಟಿಯ ಮಕ್ಕಳು ಮಿಷನ್ನಿನ ಕೈಗೆ ಗುಂಪಾಗಿ ಬಂದದ್ದು ಪಾಠಕ್ಕಲ್ಲ, ಗಂಜಿಗೆ.

ಧಾತು ಸಂವತ್ಸರದ ಬರ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. 1876ರಲ್ಲಿ ಮಳೆ ಹೋಯಿತು, 1877ರಲ್ಲೂ ಕೈ ಕೊಟ್ಟಿತು, 1878ರ ತನಕ ಸಾವು ನಿಲ್ಲಲಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇತ್ತು. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳಕೊಂಡಿತು. ತುಮಕೂರು, ಕೋಲಾರ, ಚಿತ್ರದುರ್ಗದ ಬಯಲು ಸೀಮೆಗೆ ಹೊಡೆತ ಜಾಸ್ತಿ.

ಸತ್ತವರು ಯಾರು? ಕಣಜ ಇದ್ದವರು ಸಾಯಲಿಲ್ಲ. ಬೆಲೆ ಏರಿದಾಗ ಮೊದಲು ಬಿದ್ದವರು ಕಾಳಿನ ರೂಪದಲ್ಲಿ ಕೂಲಿ ಪಡೆಯುತ್ತಿದ್ದವರು, ನೇಯ್ಗೆಯವರು, ಭೂಮಿ ಇಲ್ಲದವರು. ಪರಿಹಾರದ ಕಾಮಗಾರಿಯಲ್ಲಿ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕು ಅಂತ 1877ರಲ್ಲಿ ರಿಚರ್ಡ್ ಟೆಂಪಲ್ ಕಟ್ಟಪ್ಪಣೆ ಮಾಡಿದ. ಅಷ್ಟು ತಿಂದು ದಿನವೆಲ್ಲ ಮಣ್ಣು ಹೊರಬೇಕು. ಒಂದು ಕಡೆ ಲಂಡನ್ನಿನ ಮ್ಯಾನ್ಷನ್ ಹೌಸಿನಲ್ಲಿ ನಮಗಾಗಿ ಚಂದಾ ಎತ್ತುತ್ತಿದ್ದರು. ಇನ್ನೊಂದು ಕಡೆ ಹಿಂದೂಸ್ತಾನದ ಬಂದರುಗಳಿಂದ ಧಾನ್ಯ ಹಡಗು ಹತ್ತುತ್ತಲೇ ಇತ್ತು. ಒಂದು ಕೈ ಕಿತ್ತುಕೊಳ್ಳುತ್ತದೆ, ಇನ್ನೊಂದು ಕೈ ಭಿಕ್ಷೆ ಹಾಕುತ್ತದೆ. ವಸಾಹತುಶಾಹಿ ಅಂದರೆ ಇದೇ.

ಆ ಬರದ ಅನಾಥ ಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಹುಡುಗರ ಅನಾಥಾಲಯ ನಡೆಸಿತು, ಹಾಸನದಲ್ಲಿ ಹೆಣ್ಣುಮಕ್ಕಳದ್ದು. ಅನ್ನ ಕೊಟ್ಟರು, ಬಟ್ಟೆ ಕೊಟ್ಟರು, ಅಕ್ಷರ ಕಲಿಸಿದರು. ಕೈಕಸುಬು ಕಲಿಸುವುದೂ ಇಂಥ ಅನಾಥಾಲಯಗಳ ರೂಢಿ. ದೀಕ್ಷಾಸ್ನಾನವನ್ನೂ ಕೊಟ್ಟರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. 'ಗಂಜಿಗೆ ಧರ್ಮ ಮಾರಿಕೊಂಡವರು' ಅಂತ ಇವತ್ತಿಗೂ ಮೂಗು ಮುರಿಯುವವರಿದ್ದಾರೆ. ಅವರನ್ನು ಕೇಳಬೇಕು: ಸ್ವಾಮೀ, ಆ ಮಗು ನಿಮ್ಮ ಜಗುಲಿಯ ಕೆಳಗೆ ಬಿದ್ದಿದ್ದಾಗ ನಿಮ್ಮ ಧರ್ಮ ಎಲ್ಲಿತ್ತು? ಮಾರಿಕೊಳ್ಳಲು ಆ ಮಗುವಿನ ಹತ್ತಿರ ಏನಿತ್ತು? ದೇವಸ್ಥಾನದೊಳಗೆ ಬಿಡದ ಧರ್ಮ, ಬಾವಿಯ ನೀರು ಕೊಡದ ಧರ್ಮ. ಅದನ್ನು ಕೊಟ್ಟು ಒಂದು ಹೊತ್ತಿನ ಗಂಜಿ ಸಿಕ್ಕಿದ್ದರೆ ಆ ಮಗು ಲಾಭದ ವ್ಯಾಪಾರವನ್ನೇ ಮಾಡಿತು.

ಇಷ್ಟು ಹೇಳಿ ಪಾದ್ರಿಗೆ ಜೈ ಅಂತ ಎದ್ದು ಬರುವ ಹಾಗೂ ಇಲ್ಲ. ಅಣ್ಣ ತುಮಕೂರಿಗೆ, ತಂಗಿ ಹಾಸನಕ್ಕೆ ಹೋದರೆ ಅವರು ಮತ್ತೆ ಯಾವಾಗ ಮುಖ ನೋಡಬೇಕು? ಹೊಸ ಹೆಸರು ಬಂದಾಗ ಅವ್ವ ಕರೆಯುತ್ತಿದ್ದ ಹೆಸರು ಎಲ್ಲಿ ಹೋಯಿತು? ಆ ಮಗುವಿಗೆ ಬಡಗಿ ಕೆಲಸ ಕಲಿಸಬಹುದು. ಆದರೆ ಆ ಮಗುವಿನ ಅಪ್ಪ ಸತ್ತದ್ದು ಯಾಕೆ, ಕಣಜ ಯಾರದು, ಕಂದಾಯ ಯಾರದು ಅನ್ನುವ ಪ್ರಶ್ನೆ ಕಲಿಸುವ ಹಾಗಿರಲಿಲ್ಲ. ಕಂದಾಯ ಪಾದ್ರಿಯ ದೊರೆಯದ್ದೇ ಆಗಿತ್ತಲ್ಲ. ದಾನದ ದೊಡ್ಡ ದೋಷ ಇದು. ಹಸಿದವನ ಬಾಯಿ ತುಂಬುತ್ತದೆ, ತುಂಬಿದ ಬಾಯಿ ಪ್ರಶ್ನೆ ಕೇಳಬಾರದು ಅನ್ನುತ್ತದೆ. ವರದಿ ಬರೆದವನು ಪಾದ್ರಿ. ಮಗು ಏನು ಬರೆಯುತ್ತಿತ್ತು ಅನ್ನುವುದು ಆ ಪುಸ್ತಕಗಳಲ್ಲಿಲ್ಲ.

5

ಹಾಗಾದರೆ ಮಿಷನ್ನಿನಿಂದ ನಮಗೆ ಏನೂ ದಕ್ಕಲಿಲ್ಲವೇ? ದಕ್ಕಿತು, ಸುತ್ತುಬಳಸಿ ದಕ್ಕಿತು. ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ ಓದಿದ ಜೋತಿಬಾ ಫುಲೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಸಾವಿತ್ರಿಬಾಯಿ ಪಾಠ ಹೇಳಿದರು. ಅವರು ಕ್ರಿಸ್ತನವರಾಗಲಿಲ್ಲ. ಬೇಕಾದದ್ದನ್ನು ತೆಗೆದುಕೊಂಡು ತಮ್ಮ ದಾರಿ ತಾವೇ ಮಾಡಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಹೆಸರಿನಲ್ಲೇ 'ಮಿಷನ್' ಇದೆ ನೋಡಿ. ಸ್ವಂತ ಜಾತಿಯವರು ಅವರನ್ನು ಹೊರಗಿಟ್ಟರು. ಮೈಸೂರು ಸಂಸ್ಥಾನದಲ್ಲಿ ಗೋಪಾಲಸ್ವಾಮಿ ಅಯ್ಯರ್ ಪಂಚಮ ಮಕ್ಕಳ ಹಾಸ್ಟೆಲುಗಳಿಗಾಗಿ ದುಡಿದರು. ಸಿ.ಆರ್. ರೆಡ್ಡಿ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದಾಗ, 1919ರ ಹೊತ್ತಿಗೆ, ಸರ್ಕಾರಿ ಶಾಲೆಯ ಬಾಗಿಲು ಜಾತಿ ನೋಡದೆ ತೆರೆಯಬೇಕೆಂಬ ಆದೇಶವಾಯಿತು. ಧಾರವಾಡದ ಹುಡುಗನ ಅರ್ಜಿಗೆ ಅರವತ್ತಮೂರು ವರ್ಷ ಆಗಿತ್ತು.

ತುಮಕೂರಿನಲ್ಲೇ ಸಿದ್ಧಗಂಗೆ ಇದೆ. ಶಿವಕುಮಾರ ಸ್ವಾಮಿಗಳು 2019ರಲ್ಲಿ ತೀರಿಕೊಳ್ಳುವ ತನಕ ಸಾವಿರಾರು ಮಕ್ಕಳು ಅಲ್ಲಿ ಉಂಡರು, ಓದಿದರು, ಇವತ್ತೂ ಓದುತ್ತಾರೆ. ನಮ್ಮ ಹಟ್ಟಿಯವರೂ ಅಲ್ಲಿ ಓದಿದ್ದಾರೆ. ದಾಸೋಹ ಪಾದ್ರಿಯಿಂದ ಕಲಿತದ್ದಲ್ಲ, ಹನ್ನೆರಡನೇ ಶತಮಾನದ ಮಾತು. ಆದರೂ ಮಠವಾಗಲಿ ಮಿಷನ್ನಾಗಲಿ, ಉಣ್ಣಿಸಿದ ಕೈಗೆ ನಾವು ಕೊಡಬೇಕಾದ್ದು ಕೃತಜ್ಞತೆ. ತಲೆಯನ್ನಲ್ಲ.

ಆಫ್ರಿಕದವರು ಇದನ್ನು ನಮಗಿಂತ ಮೊದಲೇ ಕಂಡುಕೊಂಡರು. ಬೆಲ್ಜಿಯನ್ ಕಾಂಗೋದಲ್ಲಿ ಸೈಮನ್ ಕಿಂಬಾಂಗು 1921ರಲ್ಲಿ ಬಿಳಿ ಪಾದ್ರಿಯ ಅಪ್ಪಣೆಯಿಲ್ಲದೆ ಬೋಧಿಸಲು ನಿಂತ. ಜನ ಹರಿದು ಬಂದರು. ಸರ್ಕಾರ ಮರಣದಂಡನೆ ಹಾಕಿ ಆಮೇಲೆ ಜೀವಾವಧಿಗೆ ಇಳಿಸಿತು. ಮೂವತ್ತು ವರ್ಷ ಜೈಲಿನಲ್ಲಿದ್ದು 1951ರಲ್ಲಿ ಅಲ್ಲೇ ಸತ್ತ. ಅವನ ಸಭೆ ಸಾಯಲಿಲ್ಲ. ನಮ್ಮಲ್ಲಿ ಬಾಬಾಸಾಹೇಬರು 1935ರಲ್ಲಿ ಹಿಂದೂವಾಗಿ ಸಾಯುವುದಿಲ್ಲ ಅಂದಾಗ ಎಲ್ಲ ಧರ್ಮದವರೂ ಬಾಗಿಲು ತೆರೆದು ಕರೆದರು. ಅವರು ಇಪ್ಪತ್ತೊಂದು ವರ್ಷ ಯೋಚಿಸಿ 1956ರಲ್ಲಿ ಬುದ್ಧನ ದಾರಿ ಹಿಡಿದರು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಶೂದ್ರರ ದೇವಶಾಸ್ತ್ರ ಬೇಕು ಅಂತ ಉಪನ್ಯಾಸ ಮಾಡಿದರು. ದಲಿತ ದೇವಶಾಸ್ತ್ರ ಹುಟ್ಟಿದ್ದು ಅಲ್ಲಿಂದ. ಹೊರಗೆ ಬಂಡಾಯ ಸಾಹಿತ್ಯ ಕಟ್ಟುತ್ತಿದ್ದ ದಿನಗಳಲ್ಲೇ ಚರ್ಚಿನ ಒಳಗೂ ಬಂಡಾಯ ಎದ್ದಿತ್ತು. ನಾವು ಗಮನಿಸಲಿಲ್ಲ.

ಏಳಬೇಕಾದ ಕಾರಣವೂ ಇತ್ತು. ಬಟ್ಟಲು ಒಂದೇ ಆದರೂ ಮದುವೆ ಸಂಬಂಧ ಒಂದಾಗಲಿಲ್ಲ. ಎಷ್ಟೋ ಕಡೆ ಸ್ಮಶಾನವೂ ಒಂದಾಗಲಿಲ್ಲ. ಸರ್ಕಾರ ಅದಕ್ಕೆ ಇನ್ನೊಂದು ಬರೆ ಹಾಕಿತು. 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂವಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರಿಸ್ತನವರಾದ ದಲಿತರು, ಮುಸಲ್ಮಾನರಾದ ದಲಿತರು ಇನ್ನೂ ಹೊರಗೇ ಇದ್ದಾರೆ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಸೇರಿಸಿ ಅಂದಿತು. ಸೇರಿಸಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ಮಾಡಿದರು. ಊರಿನವನು ಅವನನ್ನು ಹಳೆಯ ಜಾತಿಯ ಹೆಸರಿನಲ್ಲೇ ಕರೆಯುತ್ತಾನೆ. ಸರ್ಕಾರ ಮಾತ್ರ ನಿನಗೆ ಜಾತಿ ಇಲ್ಲ ಅನ್ನುತ್ತದೆ. ಹೊಡೆಯುವಾಗ ಜಾತಿ ಇದೆ, ಕೊಡುವಾಗ ಇಲ್ಲ!

6

ಈಗ ನಮ್ಮ ನಾಡಿನ ಸಭೆಗಳಿಂದಲೂ ಆಫ್ರಿಕಕ್ಕೆ ಹೋಗುವವರಿದ್ದಾರೆ. ಹೋಗಲಿ. ಅಲ್ಲಿನ ಮಕ್ಕಳ ಜೊತೆ ಹಾಡಲಿ, ಉಣ್ಣಲಿ. ಆದರೆ ವಿಲಿಯಂ ಆರ್ಥರನ ಪುಸ್ತಕದಲ್ಲಿ ಗುಬ್ಬಿಯ ಮಕ್ಕಳಾಗಿ ನಿಂತವರು ನಾವು. ನೋಡಿಸಿಕೊಂಡವರಿಗೆ ನೋಡುವ ಕಣ್ಣು ಹೇಗಿರಬೇಕು ಅನ್ನುವುದು ತಿಳಿದಿರಬೇಕು. ಆ ಮಗುವಿನ ಫೋಟೋ ತೆಗೆಯುವ ಮುಂಚೆ ಅದರ ಹೆಸರು ಕೇಳಿ, ಅದರ ಅವ್ವ ಕರೆಯುವ ಹೆಸರು.

ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಎರಡು ಕೆಲಸ ಹೇಳಿ ಮುಗಿಸುತ್ತೇನೆ. ಒಂದು: ಚರ್ಚು ಅಂದರೆ ದೀಕ್ಷಾಸ್ನಾನದ ರಿಜಿಸ್ಟರು ಇಡುವ ಜಾಗ. ಗುಬ್ಬಿ, ತುಮಕೂರು, ಹಾಸನದ ಸಭೆಗಳಲ್ಲಿ ಹಳೆಯ ರಿಜಿಸ್ಟರುಗಳು ಉಳಿದಿದ್ದರೆ ವಿನಯದಿಂದ ಕೇಳಿ, ಕೂತು ಓದಿ. ಹಳೆಯ ಹೆಸರು, ಹೊಸ ಹೆಸರು, ಊರು, ಸಿಕ್ಕಿದ್ದನ್ನು ಬರೆದುಕೊಳ್ಳಿ. ಹಟ್ಟಿಗಳಿಗೆ ಹೋಗಿ ಹಿರಿಯರಿಂದ ಬರದ ಕಥೆ ಕೇಳಿ. ಪಾದ್ರಿ ಬರೆದ ಚರಿತ್ರೆಯ ಪಕ್ಕದಲ್ಲಿ ಇಡಲು ನಮ್ಮದೊಂದು ಚರಿತ್ರೆ ಬೇಕು.

ಎರಡನೆಯದು ಇನ್ನೂ ಹತ್ತಿರದ್ದು. 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಈಗ ನಮ್ಮ ಶಾಲೆಗಳಲ್ಲೆಲ್ಲ ಇದೆ. ಅದು ದಾನವಲ್ಲ, ಹಕ್ಕು. ಸೋಮವಾರ ಮಧ್ಯಾಹ್ನ ಬೆಲ್ಲು ಹೊಡೆದಾಗ ಸ್ಟಾಫ್ ರೂಮಿನಿಂದ ಎದ್ದು ಹೊರಗೆ ಬನ್ನಿ. ಮಕ್ಕಳು ಹೇಗೆ ಕೂತಿದ್ದಾರೆ ನೋಡಿ. ಅಡಿಗೆ ಮಾಡಿದವಳು ಯಾವ ಕೇರಿಯವಳು ಅಂತ ಯಾವ ಮಗುವಾದರೂ ತಟ್ಟೆ ಬಿಟ್ಟು ಎದ್ದು ಹೋಯಿತಾ ನೋಡಿ. ನೀರಿನ ಲೋಟ ಒಂದೇನಾ, ಎರಡಾ ನೋಡಿ.

ಉಂಡಾದ ಮೇಲೆ ಯಾರು ತೊಳೆಯುತ್ತಾರೆ, ಅದನ್ನೂ ನೋಡಿ. ನಮ್ಮವ್ವ ಕೇಳಿದ್ದು ಅದನ್ನೇ.